ನೂರರಲ್ಲಿ ನನ್ನ ಪಾಲೆಷ್ಟು?

ಮೊದಲ ಭೇಟಿಯ ದಿನ ನಾನು ಬಾಗಿಲು ತೆರೆದಾಗ ಕಾಲು ಗಂಟೆ ತಡವಾಗಿತ್ತು. ಹಿಂದಿನವರ ಮಾತು ಮುಗಿದಿರಲಿಲ್ಲ. ಹೊರಗೆ ಕುರ್ಚಿಯ ತುದಿಯಲ್ಲಿ ಕುಳಿತಿದ್ದ ಆಕೆ ತಟ್ಟನೆ ಎದ್ದು, "ಸಾರಿ ಮೇಡಂ, ನಾನೇ ಸ್ವಲ್ಪ ಬೇಗ ಬಂದುಬಿಟ್ಟೆ ಅನ್ಸುತ್ತೆ" ಎಂದರು. ಬಂದದ್ದು ಹೇಳಿದ ಸಮಯಕ್ಕೆ ಸರಿಯಾಗಿ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಆ ಗಾದೆಯಲ್ಲಿ ಹೆಗಲು ಮುಟ್ಟಿಕೊಂಡವನೇ ಕಳ್ಳ. ನನ್ನ ಹತ್ತಿರ ಆಪ್ತಸಲಹೆಗೆ ಬರುವವರಲ್ಲಿ ಹಲವರು ಏನನ್ನೂ ಕದ್ದಿರುವುದಿಲ್ಲ, ಆದರೂ ದಿನಕ್ಕೆ ಹತ್ತು ಸಲ ಹೆಗಲು ಮುಟ್ಟಿಕೊಳ್ಳುತ್ತಾರೆ. ಗದರಿಸುವವರು ಆ ಗಾದೆಯನ್ನು ನಂಬಿದವರು. ಮುಟ್ಟಿಕೊಂಡ ಹೆಗಲೇ ಅವರಿಗೆ ಸಾಕ್ಷಿ. ಈ ಜೋಡಿಯನ್ನು ಎಷ್ಟು ಸಲ ನೋಡಿದ್ದೇನೆಂದರೆ, ಬಂದವರ ಮೊದಲ ಐದು ನಿಮಿಷದಲ್ಲಿ ಎಷ್ಟು 'ಸಾರಿ' ಬಂತು ಎಂದು ಎಣಿಸುವುದು ಅಭ್ಯಾಸವಾಗಿಬಿಟ್ಟಿದೆ. ಈ ಪ್ರಕರಣವನ್ನೇ ಆರಿಸಿ ಬರೆಯುತ್ತಿರುವುದಕ್ಕೆ ಬೇರೆ ಕಾರಣವಿದೆ. ಇದರಲ್ಲಿ ನಾನು ಎಡವಿದ್ದೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ, ಬರೆಯಲು ಅವರ ಒಪ್ಪಿಗೆಯೂ ಇದೆ.

ಆಕೆಗೆ ಮೂವತ್ತೈದು ದಾಟಿತ್ತು. ಒಂದು ಕಚೇರಿಯಲ್ಲಿ ಲೆಕ್ಕಪತ್ರದ ಕೆಲಸ, ಕೈಕೆಳಗೆ ಇಬ್ಬರು ಸಹಾಯಕರು. ಮೇಲಧಿಕಾರಿಗೆ ಸ್ವರ ಏರಿಸದೆ ಮಾತಾಡಿ ಗೊತ್ತಿಲ್ಲ. ತಿಂಗಳ ಕೊನೆಯ ವರದಿಯೊಂದರಲ್ಲಿ ಅಂಕಿ ತಪ್ಪಿ, ಅದು ಹೊರಗಿನವರ ಕಣ್ಣಿಗೆ ಬಿದ್ದು, ಅಧಿಕಾರಿ ಎಲ್ಲರೆದುರು ಫೈಲನ್ನು ಆಕೆಯ ಮೇಜಿನ ಮೇಲೆ ಬಿಸಾಡಿದ್ದರು. ಯಾರ ತಪ್ಪೆಂದು ಇನ್ನೂ ಯಾರೂ ಕೇಳಿರಲಿಲ್ಲ, ಅಷ್ಟರಲ್ಲಿ ಈಕೆ "ತಪ್ಪು ನಂದೇ ಸರ್" ಎಂದಾಗಿತ್ತು. ಆಮೇಲೆ ಮೂರು ರಾತ್ರಿ ನಿದ್ದೆಯಿಲ್ಲ. ಬಾಲ್ಯದ ಕಥೆಯೂ ಇತ್ತು, ಕೇಳಿದೆ. ಅದನ್ನು ಇಲ್ಲಿ ಬಿಡಿಸುವುದಿಲ್ಲ. ಹೆದರಿಸುವವರ ಮುಂದೆ ಬೆಳೆದ ಮಗು ಎಂದರೆ ಸಾಕು.

ನಾನು ಎಡವಿದ್ದು ಎರಡನೆಯ ಭೇಟಿಯಲ್ಲಿ. ಕಥೆ ಕೇಳಿ ಮುಗಿಸಿದವಳೇ, "ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ" ಎಂದುಬಿಟ್ಟೆ. ಹಾಗೆ ಹೇಳಿದರೆ ಎದುರಿನವರ ಮುಖ ಸಡಿಲವಾಗುತ್ತದೆ, ನಮಗೂ ಏನೋ ಕೊಟ್ಟ ಸಮಾಧಾನ. ಆಕೆಯ ಮುಖ ಸಡಿಲವಾಗಲಿಲ್ಲ. "ಥ್ಯಾಂಕ್ಸ್ ಮೇಡಂ" ಎಂದು ಹೋದವರು ಮೂರು ವಾರ ಬರಲಿಲ್ಲ. ಮತ್ತೆ ಬಂದಾಗ ಕಾರಣ ಕೇಳಿದೆ. ಬಹಳ ಹೊತ್ತು ಪರ್ಸಿನ ಜಿಪ್ಪನ್ನು ಎಳೆದು, ಮುಚ್ಚಿ, "ಮೇಡಂ, ಆ ವರದಿಯಲ್ಲಿ ಒಂದು ಸಾಲನ್ನ ನಾನು ತಾಳೆ ನೋಡಿರ್ಲಿಲ್ಲ. ನೀವು ಏನೂ ತಪ್ಪಿಲ್ಲ ಅಂದ್ರಲ್ಲ, ಅವತ್ತೇ ಅನ್ನಿಸ್ತು, ಇವರೂ ಲೆಕ್ಕ ನೋಡದೆ ಸಹಿ ಹಾಕೋರು ಅಂತ" ಎಂದರು.

ನನಗೆ ಸರಿಯಾಗಿಯೇ ತಟ್ಟಿತು. ಅಧಿಕಾರಿ ವಿಚಾರಿಸದೆ ನೂರಕ್ಕೆ ನೂರು ತಪ್ಪು ಆಕೆಯದೆಂದರು, ನಾನು ವಿಚಾರಿಸದೆ ಸೊನ್ನೆ ಎಂದೆ. ವಿಚಾರಿಸದೆ ಕೊಟ್ಟ ತೀರ್ಪು ಎಂಬುದರಲ್ಲಿ ಇಬ್ಬರೂ ಒಂದೇ.

ಹಾಗಾಗಿ ಅವತ್ತು ಲೆಕ್ಕವನ್ನೇ ಮಾಡೋಣ ಎಂದು ಒಂದು ಹಾಳೆ ತೆಗೆದುಕೊಂಡೆ. ಯೋಚನೆಯ ರೂಢಿಗಳನ್ನು ಪರೀಕ್ಷಿಸಿ ತಿದ್ದುವ ಸಿಬಿಟಿ ಎಂಬ ಚಿಕಿತ್ಸಾ ಪದ್ಧತಿಯಲ್ಲಿ ಹಳೆಯ ಒಂದು ಉಪಾಯವಿದೆ. ವೃತ್ತವೊಂದನ್ನು ಬರೆದು, ಘಟನೆಗೆ ಕಾರಣವಾದ ಎಲ್ಲರ, ಎಲ್ಲದರ ಪಾಲನ್ನು ಅದರೊಳಗೆ ಹಂಚುವುದು. ನಿಯಮ ಒಂದೇ: ಸ್ವಂತ ಪಾಲನ್ನು ಕೊನೆಯಲ್ಲಿ ಹಾಕಬೇಕು. ಮೊದಲೇ ಹಾಕಲು ಬಿಟ್ಟರೆ ಇಂಥವರು ವೃತ್ತವನ್ನೆಲ್ಲ ತಾವೇ ತುಂಬಿಬಿಡುತ್ತಾರೆ. ಈಕೆ ನಿಯಮ ಕೇಳಿಸಿಕೊಂಡೂ ಮೊದಲು ತನ್ನ ಪಾಲನ್ನೇ ಬರೆದರು. ತೊಂಬತ್ತು.

ನಾನು ಹಾಳೆ ತಿರುಗಿಸಿ ಇನ್ನೊಂದು ವೃತ್ತ ಬರೆದೆ. "ಇದೇ ವರದಿ, ಇದೇ ತಪ್ಪು. ಮಾಡಿದ್ದು ನಿಮ್ಮ ಸಹಾಯಕ ಹುಡುಗ ಅಂದ್ಕೊಳ್ಳಿ. ವಿಚಾರಣೆ ನಿಮ್ಮದು. ಹಂಚಿ."

ಆಕೆ ಕುಳಿತ ಭಂಗಿಯೇ ಬದಲಾಯಿತು. ಕನ್ನಡಕ ಸರಿಮಾಡಿಕೊಂಡರು. "ಅಂಕಿ ಎಲ್ಲಿಂದ ಬಂತು ಅಂತ ಮೊದ್ಲು ನೋಡ್ಬೇಕು" ಎಂದು ತಮಗೆ ತಾವೇ ಹೇಳಿಕೊಂಡರು. ಇನ್ನೊಂದು ವಿಭಾಗ ಹಳೆಯ ಅಂಕಿಗಳನ್ನು ಕಳಿಸಿತ್ತು, ಹೊಸದು ಬಂದದ್ದು ಕೊನೆಯ ಗಳಿಗೆಯಲ್ಲಿ: ನಲವತ್ತು. ತಾಳೆ ನೋಡಲು ಎರಡು ದಿನ ಇರಬೇಕಾದಲ್ಲಿ ಅಧಿಕಾರಿ ಅರ್ಧ ದಿನ ಕೊಟ್ಟರು, ಓದದೆ ಸಹಿಯನ್ನೂ ಹಾಕಿದರು: ಮೂವತ್ತು. ಹಿಂದಿನ ತಿಂಗಳ ಸೂತ್ರಗಳು ಹಾಗೇ ಉಳಿದಿದ್ದ ನಮೂನೆ ಹಾಳೆ: ಹತ್ತು. "ಇನ್ನು ಹುಡುಗಂದು. ಒಂದು ಸಾಲು ಬಿಟ್ಟಿದ್ದಾನೆ. ಇಪ್ಪತ್ತು." ಪೆನ್ನು ಎಲ್ಲಿಯೂ ತಡವರಿಸಲಿಲ್ಲ.

"ಹುಡುಗನ ಹೆಸರು ಅಳಿಸಿ ನಿಮ್ಮ ಹೆಸರು ಬರೀರಿ" ಎಂದೆ.

ಬರೆದರು. ನೋಡುತ್ತ ಕುಳಿತರು. ನಾನು ಕಾಯುತ್ತಿದ್ದದ್ದು ಒಂದು ನಿಟ್ಟುಸಿರಿಗೆ. ಬಂದದ್ದು ಅಳು, ಅದೂ ಹಗುರಾದವರ ಅಳುವಲ್ಲ. ಕೊನೆಗೆ ಆಕೆ ಹೇಳಿದ್ದನ್ನು ಅಂದೇ ಟಿಪ್ಪಣಿಯಲ್ಲಿ ಬರೆದಿಟ್ಟುಕೊಂಡೆ: "ಇಷ್ಟೇನಾ ಮೇಡಂ? ಪೂರ್ತಿ ನನ್ನ ತಪ್ಪಾದ್ರೆ ನಾನು ಸರಿ ಹೋದ್ರೆ ಎಲ್ಲಾ ಸರಿ ಹೋಗುತ್ತೆ. ಇಪ್ಪತ್ತೇ ಆದ್ರೆ, ಮಿಕ್ಕ ಎಂಬತ್ತಕ್ಕೆ ನಾನೇನು ಮಾಡ್ಲಿ?"

ಈ ಪ್ರಕರಣದ ಕೀಲಿ ಇದೇ ಮಾತಿನಲ್ಲಿತ್ತು. ತನ್ನನ್ನು ತಾನೇ ದೂಷಿಸಿಕೊಳ್ಳುವುದು ಬರೀ ಕೀಳರಿಮೆ ಎಂದು ನಾವು ತಿಳಿಯುತ್ತೇವೆ. ಬಹಳ ಸಲ ಅದೊಂದು ಲೆಕ್ಕಾಚಾರ. ಹೆದರಿಸುವವರ ನೆರಳಲ್ಲಿ ಬದುಕುವವರಿಗೆ ಎರಡೇ ದಾರಿ ಕಾಣುತ್ತವೆ: ತಾನು ತಪ್ಪಿತಸ್ಥೆ, ಇಲ್ಲವೇ ತಾನು ಅಸಹಾಯಕಿ. ತಪ್ಪಿತಸ್ಥೆಗೆ ಮಾಡಲು ಏನಾದರೂ ಕೆಲಸವಿರುತ್ತದೆ. ಅಸಹಾಯಕಿಗೆ ಅದೂ ಇಲ್ಲ. ಹಾಗಾಗಿ ಮನಸ್ಸು ತಪ್ಪನ್ನು ಆರಿಸಿಕೊಳ್ಳುತ್ತದೆ. ರೋನಿ ಜೆನಾಫ್-ಬುಲ್ಮನ್ ಎಂಬ ಮನಶ್ಶಾಸ್ತ್ರಜ್ಞೆ 1979ರಲ್ಲೇ ಸ್ವದೂಷಣೆಯನ್ನು ಎರಡಾಗಿ ಬಿಡಿಸಿ ತೋರಿಸಿದ್ದರು. 'ನಾನು ಮಾಡಿದ್ದು ತಪ್ಪು' ಎನ್ನುವುದು ಒಂದು, 'ನಾನೇ ಸರಿಯಿಲ್ಲ' ಎನ್ನುವುದು ಇನ್ನೊಂದು. ಮೊದಲನೆಯದರಲ್ಲಿ ಮುಂದೆ ಇದನ್ನು ತಪ್ಪಿಸಬಹುದೆಂಬ ಹಿಡಿತವಿರುತ್ತದೆ. ಖಿನ್ನತೆಯ ಜೊತೆ ಹೆಚ್ಚಾಗಿ ಕಾಣುವುದು ಎರಡನೆಯದು. ಆಕೆಗೆ ಬೇಕಿದ್ದದ್ದು ಆ ಹಿಡಿತ. ಅದನ್ನು ಹುಡುಕುತ್ತ ಹುಡುಕುತ್ತ ಎರಡನೆಯದರೊಳಗೆ ಜಾರಿದ್ದರು.

ನಾನು ಆಕೆಗೆ ಕೊಟ್ಟ ಉತ್ತರ ಚಿಕ್ಕದು. "ಇಪ್ಪತ್ತನ್ನ ತಿದ್ದಿ. ಎಂಬತ್ತನ್ನ ಹೆಸರು ಹಿಡಿದು ಹೇಳೋದನ್ನ ಕಲೀರಿ. ತಿದ್ದೋದು ಅವರ ಕೆಲಸ." ಹೇಳಿದ ಮೇಲೆ ಇನ್ನೊಂದು ಹೊಳೆಯಿತು. ಫೈಲು ಬಿಸಾಡಿದ್ದು ಈ ವೃತ್ತದಲ್ಲಿ ಎಲ್ಲಿದೆ ಎಂದು ಕೇಳಿದೆ. ಹುಡುಕಿದರು, ಇರಲಿಲ್ಲ. ಅದಕ್ಕೆ ಬೇರೆಯೇ ವೃತ್ತ ಬೇಕು, ಅದರಲ್ಲಿ ಪಾಲು ಹಂಚಲು ಬೇರೆ ಯಾರೂ ಇಲ್ಲ. ಅಂಕಿ ತಪ್ಪಿದ್ದಕ್ಕೆ ಕಾರಣ ಹಲವರು. ಕೂಗಿದ್ದಕ್ಕೆ ಕೂಗಿದವರೊಬ್ಬರೇ. ಈ ಎರಡು ಲೆಕ್ಕ ಒಂದೇ ಖಾತೆಯಲ್ಲಿ ಬೆರೆತಿರುವಷ್ಟು ದಿನ 'ನಾನು ತಪ್ಪು ಮಾಡಿದೆ, ಅದಕ್ಕೇ ಕೂಗಿದರು' ಎಂಬ ವಾಕ್ಯ ನಿಜದಂತೆಯೇ ಕೇಳಿಸುತ್ತದೆ.

ಆಮೇಲೆ ಕೊಟ್ಟ ಅಭ್ಯಾಸಗಳು ಬಹಳ ಸಾಧಾರಣ. ಕನ್ನಡಿಯ ಮುಂದೆ ನಿಂತು 'ನಾನು ಸಮರ್ಥೆ' ಎಂದುಕೊಳ್ಳಲು ನಾನು ಯಾರಿಗೂ ಹೇಳುವುದಿಲ್ಲ. ಮಾತಿನ ಉತ್ತೇಜನಕ್ಕಿಂತ ಕೈಯಾರೆ ಮಾಡಿ ಮುಗಿಸಿದ ಕೆಲಸದಿಂದ ಹುಟ್ಟುವ ನಂಬಿಕೆ ಗಟ್ಟಿ ಎಂದು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ವಾದಿಸಿದ್ದು ನನ್ನ ಅನುಭವಕ್ಕೂ ಸರಿಹೊಂದುತ್ತದೆ. ಧೈರ್ಯ ತಂದುಕೊಳ್ಳಿ ಎಂದೂ ಹೇಳಲಿಲ್ಲ. ಧೈರ್ಯ ಆಕೆಯ ಹತ್ತಿರ ಇರಲಿಲ್ಲ, ಇಲ್ಲದ್ದನ್ನು ತರಲು ಹೇಳಿ ಏನು ಪ್ರಯೋಜನ? ಸಹಾಯಕ ಹುಡುಗನ ವಿಷಯದಲ್ಲಿ ತಡವರಿಸದೆ ಲೆಕ್ಕ ಹಂಚಿದ ನ್ಯಾಯಬುದ್ಧಿ ಮಾತ್ರ ಬೇಕಾದಷ್ಟಿತ್ತು. ಇರುವುದರಿಂದ ಶುರುಮಾಡಿದೆವು.

ಭಯವೇ ಇಲ್ಲದ ಜಾಗಗಳಲ್ಲಿ ಮೊದಲು. ಸಾಲಿನಲ್ಲಿ ಯಾರಾದರೂ ನಡುವೆ ನುಗ್ಗಿದರೆ "ಸಾಲು ಹಿಂದಿದೆ" ಎನ್ನುವುದು, ತನಗಷ್ಟೇ ಅಲ್ಲ, ಹಿಂದೆ ನಿಂತವರ ಪರವಾಗಿಯೂ. ಚಿಲ್ಲರೆ ಹೆಚ್ಚು ಬಂದರೆ ಮರಳಿಸುವುದು, ಕಡಿಮೆ ಬಂದರೆ ಕೇಳುವುದು. ಆಕೆ ಇಷ್ಟು ವರ್ಷ ಮೊದಲನೆಯದನ್ನು ಮಾತ್ರ ಮಾಡುತ್ತಿದ್ದರು. ಸಭೆಯ ಟಿಪ್ಪಣಿ ಬರೆಯುವ ಸರದಿ ಯಾರದೋ ಅವರಿಗೇ ಬಿಡುವುದು. 'ಸಾರಿ' ಎಂಬುದು ಒಂದು ತಪ್ಪಿಗೆ ಒಂದೇ ಸಲ, ಅದೂ ತನ್ನ ಪಾಲಿಗೆ ಮಾತ್ರ, ಏನು ತಿದ್ದುತ್ತೇನೆ ಎಂಬುದರ ಜೊತೆಗೆ. ಮಾರ್ಷಾ ಲಿನೆಹನ್ ಎಂಬ ಮನಶ್ಶಾಸ್ತ್ರಜ್ಞೆ ರೂಪಿಸಿದ, ತೀವ್ರ ಭಾವನೆಗಳನ್ನು ನಿಭಾಯಿಸಲು ಕಲಿಸುವ ಡಿಬಿಟಿ ಚಿಕಿತ್ಸೆಯಲ್ಲಿ ಸ್ವಗೌರವ ಉಳಿಸಿಕೊಂಡು ಮಾತಾಡುವ ಪಾಠ ಶುರುವಾಗುವುದೇ ನ್ಯಾಯದಿಂದ, ಎದುರಿನವರಿಗೂ ತನಗೂ. ಅನಗತ್ಯ ಕ್ಷಮೆ ಬೇಡ ಎಂಬುದು ಅದರ ಹಿಂದೆಯೇ ಬರುತ್ತದೆ. ಆ ಕ್ರಮ ನನಗೆ ಇಷ್ಟ. ನ್ಯಾಯ ಗೊತ್ತಾದ ಮೇಲೆ ಎಷ್ಟು ಕ್ಷಮೆ ಕೇಳಬೇಕೆಂಬುದು ತಾನಾಗಿ ತಿಳಿಯುತ್ತದೆ.

ಇದನ್ನು ಕೇಳಿದ ನನ್ನ ಸಹೋದ್ಯೋಗಿಯೊಬ್ಬರು ಸಿಟ್ಟಾದರು. ಗದರಿಸಿದವನನ್ನು ಬಿಟ್ಟು ಗದರಿಸಿಕೊಂಡವಳಿಗೆ ಇಪ್ಪತ್ತು ಪಾಲು ಹೊರಿಸಿದಿರಲ್ಲ ಎಂದರು. ದೂರು ಕೊಡಿಸಬೇಕಿತ್ತು ಎಂದರು. ದೂರಿನ ದಾರಿಯನ್ನು ನಾವು ಮುಚ್ಚಿರಲಿಲ್ಲ. ದಿನಾಂಕ, ಆಡಿದ ಮಾತು, ಎದುರಿಗಿದ್ದವರು ಎಂದು ಬರೆದಿಡುವ ಪುಸ್ತಕ ಮೊದಲ ತಿಂಗಳಿಂದಲೇ ಇತ್ತು. ಆದರೆ ತಪ್ಪೆಲ್ಲ ತನ್ನದೇ ಎಂದು ನಂಬಿದವರು ಕೊಡುವ ದೂರು ಮೊದಲ ಅಡ್ಡಪ್ರಶ್ನೆಗೇ ಕ್ಷಮಾಪಣೆ ಪತ್ರವಾಗುತ್ತದೆ, ಅದನ್ನೂ ನೋಡಿದ್ದೇನೆ. ಇಪ್ಪತ್ತು ಪಾಲಿನ ವಿಷಯಕ್ಕೆ ಬಂದರೆ, ಅದನ್ನು ಹೊರಿಸಿದ್ದು ನಾನಲ್ಲ, ಆಕೆಗೆ ಗೊತ್ತಿತ್ತು. ನಾನು ಅದನ್ನು ಇಲ್ಲವೆಂದಾಗ ಆಕೆ ಕಳೆದುಕೊಂಡದ್ದು ನನ್ನ ಮೇಲಿನ ನಂಬಿಕೆಯನ್ನು.

ಒಂದು ಎಚ್ಚರ ಮಾತ್ರ ಹೇಳಲೇಬೇಕು. ಕೈ ಎತ್ತುವವರ, ಜೀವಬೆದರಿಕೆ ಹಾಕುವವರ, ಹಣವನ್ನೂ ಫೋನನ್ನೂ ಕಿತ್ತುಕೊಂಡು ಕೂಡಿಹಾಕುವವರ ಎದುರು ಈ ವೃತ್ತ, ಈ ಅಭ್ಯಾಸ ಯಾವುದೂ ಬೇಡ. ಅಲ್ಲಿ ಮೊದಲ ಕೆಲಸ ಸುರಕ್ಷಿತ ಜಾಗ ಮತ್ತು ನೆರವಿಗೆ ಜನ. ಅಂಥ ಹಿಂಸೆಗೆ ಒಳಗಾದವರ ಕೈಗೆ ಪಾಲು ಹಂಚುವ ಹಾಳೆ ಕೊಡುವ ಸಲಹೆಗಾರರು ತಪ್ಪು ಮಾಡುತ್ತಾರೆ.

ಆಕೆಯ ಅಧಿಕಾರಿ ಅಂಥವರಾಗಿರಲಿಲ್ಲ, ಸ್ವರವೇ ಅವರ ಆಯುಧ. ಅವರಿಗೆ ಏನು ಹೇಳುವುದೆಂದು ನಾವು ಎರಡು ಭೇಟಿಗಳಲ್ಲಿ ಹುಡುಕಿದೆವು. ನಾನು ಸೂಚಿಸಿದ ವಾಕ್ಯಗಳೆಲ್ಲ ಉದ್ದವಾಗಿದ್ದವು, ಆಕೆಯ ಬಾಯಲ್ಲಿ ಕೂರಲಿಲ್ಲ. ಕೊನೆಗೆ ಸಿಕ್ಕಿದ್ದು ಆಕೆಯ ದಿನನಿತ್ಯದ ಕಸುಬಿನ ಮಾತೇ: "ಯಾವ ಸಾಲು, ಸರ್?"

ಎರಡು ತಿಂಗಳ ನಂತರ ಅದನ್ನು ಆಡುವ ಸಂದರ್ಭ ಬಂತು. ಅಧಿಕಾರಿ ಹಾಳೆ ಹಿಡಿದು ಬಂದು, ಇದೆಲ್ಲ ಎಂಥ ಕೆಲಸ ಎಂದು ಶುರುಮಾಡಿದರಂತೆ. ಈಕೆ ಎದ್ದು ನಿಲ್ಲಲಿಲ್ಲ. ನಡುಗುವ ಕೈಯನ್ನು ಮೇಜಿನ ಕೆಳಗಿಟ್ಟುಕೊಂಡು ಕೇಳಿದರು. ಅವರು ಹಾಳೆ ನೋಡಿದರು. ಆಕೆಯೂ ನೋಡಿದರು. "ಏಳನೇ ಸಾಲು ನಂದು ಸರ್, ಸಾರಿ, ಮಧ್ಯಾಹ್ನದೊಳಗೆ ಸರಿ ಮಾಡ್ತೀನಿ. ಹನ್ನೊಂದು, ಹನ್ನೆರಡು ಆ ವಿಭಾಗದ್ದು, ಅವರಿಗೆ ಬರೀತೀನಿ, ನಿಮಗೂ ಪ್ರತಿ ಕಳಿಸ್ತೀನಿ." ಅವರು ಬದಲಾದರೇ ಎಂದರೆ ಇಲ್ಲ. ಅಂದು ಡ್ರಾಯರನ್ನು ದಡಾರನೆ ಮುಚ್ಚಿ ಹೋದರು, ಮರುವಾರ ಮತ್ತೆ ಕೂಗಿದರು. ಆ ರಾತ್ರಿ ನಿದ್ದೆ ಬಂತಾ ಎಂದು ಕೇಳಿದೆ. "ಬಂತು, ಸ್ವಲ್ಪ ತಡವಾಗಿ" ಎಂದರು.

ಕೊನೆಯ ಭೇಟಿಯ ದಿನ ಮಾತು ಮುಗಿಯುವ ಹೊತ್ತಿಗೆ ನಾನು ಗಡಿಯಾರ ನೋಡಿದೆ. ಆಕೆಯೂ ನೋಡಿದರು. ಪರ್ಸಿನ ಜಿಪ್ಪು ಒಂದು ಸಲ ಹಿಂದೆ ಮುಂದೆ ಹೋಯಿತು. "ಮೇಡಂ, ಹೋದ ಸಲ ನೀವು ಕಾಲು ಗಂಟೆ ತಡವಾಗಿ ಕರೆದ್ರಿ, ಮುಗಿಸಿದ್ದು ಮಾತ್ರ ಸಮಯಕ್ಕೆ ಸರಿಯಾಗಿ. ಆ ಕಾಲು ಗಂಟೆ ಇವತ್ತು ನನಗೆ ಬೇಕು."

ಕೊಟ್ಟೆ. ಹೊರಗೆ ಮುಂದಿನವರು ಕಾಯುತ್ತಿದ್ದರು. ಎದ್ದು ಹೋಗಿ ಅವರಿಗೆ ಒಂದು 'ಸಾರಿ' ಹೇಳಿ, ಅವರ ಕಾಲು ಗಂಟೆಯನ್ನು ಯಾವತ್ತು ಕೊಡುತ್ತೇನೆಂದು ಬರೆದುಕೊಂಡು ಒಳಗೆ ಬಂದೆ.