ದೀಪ ಹತ್ತಿದ ಮೇಲೆ ಶುರುವಾದ ಸಂಗೀತ

ಪತ್ರ: ‘ಮಾನ್ಯ ಸಂಪಾದಕರೇ, ಹೋದ ಸಂಚಿಕೆಯಲ್ಲಿ ಇಟಲಿಯ ಸಂಗೀತ ನಿರ್ದೇಶಕ ಎನ್ನಿಯೊ ಮೊರಿಕೋನೆಯ “ದಿ ಮಿಷನ್” ಆಲ್ಬಂ ಬಗ್ಗೆ ಎರಡು ಪುಟ ಬರೆದಿದ್ದೀರಿ. ಸಿನಿಮಾ ಬಿಟ್ಟು ಅದರ ಹಿನ್ನೆಲೆ ಸಂಗೀತವನ್ನಷ್ಟೇ ಕೇಳುವುದು ಊಟ ಬಿಟ್ಟು ಉಪ್ಪಿನಕಾಯಿ ನೆಕ್ಕಿದ ಹಾಗೆ. ದೃಶ್ಯಕ್ಕೆ ತಕ್ಕಂತೆ ಕಣ್ಣೀರು ಹಿಂಡುವುದು ಒಂದು ಕಸುಬು ಅಷ್ಟೇ, ಸಂಗೀತವಲ್ಲ. ಹನ್ನೆರಡು ವರ್ಷ ವೀಣೆ ಕಲಿತವನಾಗಿ ಹೇಳುತ್ತಿದ್ದೇನೆ.’ – ಒಬ್ಬ ಓದುಗ, ತೀರ್ಥಹಳ್ಳಿ

ಹಿರಿಯರೇ, ನಿಮ್ಮ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ತೆರೆಯ ಮೇಲೆ ತಾಯಿ ಬಾಗಿಲಿಗೆ ಬರುವ ಮೊದಲೇ ಇಪ್ಪತ್ತು ಪಿಟೀಲು ಒಟ್ಟಿಗೆ ಅಳತೊಡಗುವ ಸಿನಿಮಾಗಳನ್ನು ನಾನೂ ನೋಡಿದ್ದೇನೆ, ಎದ್ದು ಹೊರಗೂ ಬಂದಿದ್ದೇನೆ. ಅಷ್ಟರ ಮಟ್ಟಿಗೆ ನೀವು ಹೇಳಿದ್ದು ಸರಿ. ಆದರೆ ಆ ತಪ್ಪನ್ನು ತಂದು ಈ ಆಲ್ಬಂ ತಲೆಗೆ ಕಟ್ಟಿದ್ದೀರಲ್ಲ, ಅದನ್ನು ಒಪ್ಪಲಾರೆ.

‘ದಿ ಮಿಷನ್’ ಬಂದದ್ದು 1986ರಲ್ಲಿ. ನಿರ್ದೇಶಕ ರೋಲಂಡ್ ಜೋಫೆ. ಆ ವರ್ಷ ಕಾನ್ ಚಿತ್ರೋತ್ಸವದ ದೊಡ್ಡ ಬಹುಮಾನ ಅದಕ್ಕೇ ಬಂತು. ನಾನು ನೋಡಿದ್ದು ಒಂದೆರಡು ವರ್ಷ ತಡವಾಗಿ, ಬೆಂಗಳೂರಿನ ಒಂದು ಚಿತ್ರಮಂದಿರದಲ್ಲಿ. ಕಥೆ ಮುಗಿದು ಹೆಸರುಗಳು ಮೇಲೇರತೊಡಗಿದವು, ಒಂದು ಕೋರಸ್ ಎದ್ದಿತು. ಅಷ್ಟರಲ್ಲಿ ಗೇಟಿನವನು ಬಾಗಿಲು ತೆರೆದ, ದೀಪ ಹತ್ತಿತು, ಸೀಟುಗಳು ದಡದಡ ಮಡಚಿಕೊಂಡವು, ಪ್ರೊಜೆಕ್ಟರ್ ನಿಂತೇ ಹೋಯಿತು. ಕೋರಸ್ಸಿನ ತುಂಡೊಂದು ಕಿವಿಯಲ್ಲಿ ಸಿಕ್ಕಿಕೊಂಡೇ ಮನೆಗೆ ಬಂದೆ. ಕೆಲವು ತಿಂಗಳಾದ ಮೇಲೆ ಕ್ಯಾಸೆಟ್ ಸಿಕ್ಕಿತು. ಹಾಕಿದರೆ, ಮೊದಲು ಬಂದದ್ದೇ ಆ ಕೋರಸ್! ಸಿನಿಮಾದಲ್ಲಿ ಎಲ್ಲರೂ ಎದ್ದು ಹೋಗುವಾಗ ಬರುವ ರಚನೆಯಿಂದ ಆಲ್ಬಂ ಆರಂಭ. ಸಿನಿಮಾ ಎಲ್ಲಿ ಕೈಬಿಡುತ್ತದೋ ಅಲ್ಲಿಂದ ಇದು ಕೈಹಿಡಿಯುತ್ತದೆ. ದೃಶ್ಯಕ್ಕೆ ಅಂಟಿಕೊಂಡ ಉಪ್ಪಿನಕಾಯಿಯಾಗಿದ್ದರೆ ಈ ಕ್ರಮ ಯಾಕೆ ಬೇಕಿತ್ತು, ಹೇಳಿ.

ಆ ಮೊದಲ ರಚನೆಯಲ್ಲಿ ಏನಿದೆ ಎಂದು ವೀಣೆಯವರಿಗೆ ಹೇಳುವುದು ಸುಲಭ. ಕಥೆ ನಡೆಯುವುದು 1750ರ ಆಸುಪಾಸು, ದಕ್ಷಿಣ ಅಮೆರಿಕದ ಇಗ್ವಾಸು ಜಲಪಾತದ ಮೇಲಿನ ಕಾಡಿನಲ್ಲಿ. ಸ್ಪೇನ್ ಮತ್ತು ಪೋರ್ಚುಗಲ್ ಕಾಗದದ ಮೇಲೆ ಗಡಿ ಎಳೆದುಕೊಂಡವು; ಜೆಸ್ಯುಯಿಟ್ ಪಾದ್ರಿಗಳೂ ಗ್ವಾರನಿ ಜನರೂ ಕಟ್ಟಿಕೊಂಡ ಊರುಗಳು ನಿರ್ನಾಮವಾದವು. ಮೊರಿಕೋನೆಯ ಮುಂದೆ ಮೂರು ಕಟ್ಟುಪಾಡುಗಳಿದ್ದವು. ತೆರೆಯ ಮೇಲೆ ಪಾದ್ರಿ ಓಬೋ ಊದುತ್ತಾನೆ, ಆದ್ದರಿಂದ ಆ ಕಾಲದ ಓಬೋಗೆ ಒಪ್ಪುವ, ನಟನ ಬೆರಳಾಟಕ್ಕೂ ಹೊಂದುವ ರಾಗವೊಂದು ಬೇಕು. ಪಾದ್ರಿಗಳು ಯುರೋಪಿನಿಂದ ತಂದ ಇಗರ್ಜಿಯ ಕೋರಸ್ ಬೇಕು. ಜೊತೆಗೆ ಆ ನೆಲದ ಜನರ ತಾಳ ಬೇಕು. ಮೊರಿಕೋನೆ ಮೂರನ್ನೂ ಬೇರೆಬೇರೆಯಾಗಿ ಕಟ್ಟಿದ. ಆಮೇಲೆ ಒಂದರ ಮೇಲೊಂದು ಹೂಡಿದರೂ ಒಂದಕ್ಕೊಂದು ತಾಕದ ಹಾಗೆ ಹೆಣೆದ. ಒಂದು ಕಡೆ ಇಗರ್ಜಿಯ ದನಿಗಳು. ಇನ್ನೊಂದು ಕಡೆ ತಮಟೆಯ ಗತ್ತಿನಲ್ಲಿ ‘ವೀತಾ ನೋಸ್ತ್ರಾ, ತೆಲ್ಲುಸ್ ನೋಸ್ತ್ರಾ’, ಅಂದರೆ ‘ನಮ್ಮ ಬದುಕು, ನಮ್ಮ ನೆಲ’ ಎಂದು ಲ್ಯಾಟಿನ್‌ನಲ್ಲೇ ಕೂಗುವ ಗುಂಪು. ಎರಡರ ಮೇಲೂ ತೇಲುವ ಒಂಟಿ ಓಬೋ. ಯಾವುದೂ ಇನ್ನೊಂದನ್ನು ಮುಳುಗಿಸುವುದಿಲ್ಲ. ಕಥೆಯೊಳಗೆ ಆ ಜನರಿಗೆ ಸಿಗದ ನ್ಯಾಯ ಆ ನಾಲ್ಕು ನಿಮಿಷದಲ್ಲಿ ಸಿಗುತ್ತದೆ. ನನ್ನ ಕಣ್ಣು ತುಂಬಿದ್ದು ಅದಕ್ಕೆ. ಇದನ್ನು ಹಿಂಡುವುದು ಎನ್ನುತ್ತೀರಾ?

ಕಥೆ ಗೊತ್ತಿದ್ದವನಿಗೆ ಹಾಗನಿಸುತ್ತದೆ ಎಂದು ನೀವು ತಿರುಗಿ ಬರೆಯಬಹುದು. ಅದಕ್ಕೆ ನಮ್ಮಮ್ಮನ ಪ್ರಸಂಗ ಹೇಳುತ್ತೇನೆ. ಅಮ್ಮ ಜೀವಮಾನದಲ್ಲಿ ಇಂಗ್ಲಿಷ್ ಸಿನಿಮಾ ನೋಡಿದವಳಲ್ಲ. ಮಾಗಿಯ ಒಂದು ಮಧ್ಯಾಹ್ನ ನಡುಮನೆಯಲ್ಲಿ ಮೊರ ಮುಂದಿಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ನಾನು ಪಕ್ಕದಲ್ಲಿ ಪ್ರೂಫ್ ತಿದ್ದುತ್ತಾ ಕ್ಯಾಸೆಟ್ ಹಾಕಿದ್ದೆ. ಮೂರನೆಯ ರಚನೆ, ‘ಗೇಬ್ರಿಯಲ್ಸ್ ಓಬೋ’. ಆ ರಾಗ ಒಂದು ಸ್ವರದ ಮೇಲೆ ನಿಲ್ಲುತ್ತದೆ, ಸಣ್ಣದೊಂದು ಸುಳಿ ಸುತ್ತಿಕೊಳ್ಳುತ್ತದೆ, ಆಮೇಲೆ ಸಂಕೋಚಪಡುತ್ತಲೇ ಮೇಲೇರುತ್ತದೆ. ಕಾಯಿ ಚಿಟ್ ಚಿಟ್ ಅನ್ನುವುದು ನಿಂತಿತು. ತಲೆಯೆತ್ತಿ ನೋಡಿದರೆ ಅಮ್ಮನ ಬೆರಳ ನಡುವೆ ಅರ್ಧ ಬಿಚ್ಚಿದ ಸಿಪ್ಪೆ ಹಾಗೇ ಇದೆ. ‘ಇದು ಓಲಗ ಅಲ್ಲವೇನೋ? ಇಷ್ಟು ಮೆತ್ತಗೆ ಯಾರೋ ಊದುತ್ತಿರೋದು? ಪಾಪ, ಒಬ್ಬನೇ ಇದ್ದಾನೆ ಅನಿಸುತ್ತೆ ಕಣೋ,’ ಎಂದಳು.

ಓಬೋ ನಮ್ಮ ಓಲಗದ ದೂರದ ನೆಂಟನೇ. ಎರಡರಲ್ಲೂ ಜೋಡಿ ಜೊಂಡು ಅದುರಿಯೇ ದನಿ ಹೊರಡುವುದು. ಅಮ್ಮನಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಕಾಡಿನ ನಡುವೆ ಒಬ್ಬನೇ ಕೂತು, ಸುತ್ತ ಬಿಲ್ಲುಬಾಣ ಹಿಡಿದು ಬರುವ ಅಪರಿಚಿತರ ಎದುರು ಆ ಪಾದ್ರಿ ಓಬೋ ನುಡಿಸುತ್ತಾನೆ ಎಂಬುದನ್ನೂ ಹೇಳಿರಲಿಲ್ಲ. ‘ಒಬ್ಬನೇ ಇದ್ದಾನೆ’ ಎಂಬುದು ಅವಳಿಗೆ ಸ್ವರದಿಂದಲೇ ತಿಳಿಯಿತು.

ಈಗ ನಿಮ್ಮ ‘ಕಸುಬು ಅಷ್ಟೇ, ಸಂಗೀತವಲ್ಲ’ ಎಂಬ ವಿಚಾರ. ನಿಮ್ಮ ಈ ಮಾತನ್ನು ಮೊರಿಕೋನೆ ತನ್ನ ಊರಿನಲ್ಲೇ, ತನ್ನವರ ಬಾಯಿಂದಲೇ ಕೇಳಿದ್ದ. 1928ರಲ್ಲಿ ರೋಮ್‌ನಲ್ಲಿ ಹುಟ್ಟಿದವನು. ಅಪ್ಪ ಟ್ರಂಪೆಟ್ ವಾದಕ. ಯುದ್ಧಕಾಲದಲ್ಲಿ ಹುಡುಗ ಟ್ರಂಪೆಟ್ ಹಿಡಿದು ಪರದೇಶದ ಸೈನಿಕರೆದುರು ಊದಿದ್ದು ಹೊಟ್ಟೆಪಾಡಿಗೆ. ಆಮೇಲೆ ಸಾಂತಾ ಚೆಚೀಲಿಯಾ ಸಂಗೀತ ಶಾಲೆಯಲ್ಲಿ ಗೊಫ್ರೆದೊ ಪೆತ್ರಾಸಿಯ ಶಿಷ್ಯನಾದ. ಆ ವಲಯದಲ್ಲಿ ಸಿನಿಮಾಕ್ಕೆ ಬರೆಯುವುದೆಂದರೆ ಜಾತಿ ಕೆಟ್ಟ ಹಾಗೆ. ಆ ನಾಚಿಕೆಯನ್ನು ಮೊರಿಕೋನೆ ವರ್ಷಗಟ್ಟಲೆ ಹೊತ್ತು ತಿರುಗಿದ. ಪಿಯಾನೋ ಮುಂದೆ ತಡವರಿಸಿ ರಾಗ ಹುಡುಕುತ್ತಿದ್ದವನಲ್ಲ. ಮೇಜಿನ ಮುಂದೆ ಕೂತು, ಪತ್ರ ಬರೆದ ಹಾಗೆ, ಇಡೀ ವಾದ್ಯಮೇಳಕ್ಕೆ ನೇರವಾಗಿ ಸ್ವರ ಬರೆಯುತ್ತಿದ್ದ. ನಾನೂರಕ್ಕೂ ಹೆಚ್ಚು ಚಿತ್ರಗಳಿಗೆ ಹಾಗೆ ಬರೆದ. ಇನ್ನು ‘ದಿ ಮಿಷನ್’. ಸಂಗೀತವಿಲ್ಲದ ಪ್ರತಿಯನ್ನು ತೋರಿಸಿದಾಗ ಆತ ಅತ್ತುಬಿಟ್ಟ. ಇದಕ್ಕೆ ಸಂಗೀತ ಹಾಕಿದರೆ ಕೆಡುತ್ತದೆ, ನನ್ನಿಂದಾಗದು ಎಂದು ಮೊದಲು ಒಲ್ಲೆನೆಂದ. ಕಣ್ಣೀರು ಹಿಂಡುವ ಕಸುಬಿನವನು ಹೀಗೆ ಹೇಳುತ್ತಾನೆಯೇ?

ದೃಶ್ಯಕ್ಕೆ ತಕ್ಕಂತೆ ಹಿಂಡುವುದು ಎಂದಿದ್ದೀರಿ, ಸಂಗೀತ ದೃಶ್ಯದ ಬಾಲ ಎನ್ನುವ ಹಾಗೆ. 1968ರ ‘ಒನ್ಸ್ ಅಪಾನ್ ಎ ಟೈಮ್ ಇನ್ ದ ವೆಸ್ಟ್’ಗೆ ಮೊರಿಕೋನೆ ಚಿತ್ರೀಕರಣಕ್ಕೆ ಮೊದಲೇ ಸಂಗೀತ ಬರೆದುಕೊಟ್ಟ. ನಿರ್ದೇಶಕ ಸೆರ್ಜಿಯೋ ಲಿಯೋನೆ ಅದನ್ನು ಸೆಟ್ಟಿನಲ್ಲಿ ಹಾಕಿ ನಟರನ್ನು ನಡೆಸಿದ. ಅದರ ನಾಯಕಿ ರೈಲ್ವೆ ಸ್ಟೇಷನ್ ದಾಟಿ ಊರಿನತ್ತ ಹೋಗುವಾಗ ಕ್ಯಾಮೆರಾ ಮಾಡಿನ ಮೇಲಕ್ಕೆ ಏರುತ್ತದೆ. ಏರಿಸುವುದು ಗಾಯಕಿ ಎದ್ದಾ ದೆಲ್ಲೋರ್ಸೊಳ ಮಾತಿಲ್ಲದ ದನಿ. ನೀವು ಯಕ್ಷಗಾನದ ಸೀಮೆಯವರು. ಭಾಗವತರ ಹಾಡು ಮೊದಲೋ, ವೇಷದ ಹೆಜ್ಜೆ ಮೊದಲೋ ಎಂದು ನಾನು ನಿಮಗೆ ಹೇಳಬೇಕಾಗಿಲ್ಲ. ವೀಣೆಯ ತಾನಕ್ಕೂ ಸಾಹಿತ್ಯವಿಲ್ಲ. ಅದರಿಂದ ಅದು ಬರಿದಾಯಿತೆಂದು ನೀವು ಒಂದು ದಿನವೂ ಅಂದುಕೊಂಡಿರಲಾರಿರಿ. ನಿಮ್ಮ ಪಕ್ಕದ ಆಗುಂಬೆಯಲ್ಲೇ ತೆಗೆದ ‘ಮಾಲ್ಗುಡಿ ಡೇಸ್’ ನೆನಪು ಮಾಡಿಕೊಳ್ಳಿ. ಎಲ್. ವೈದ್ಯನಾಥನ್ ಕೊಟ್ಟ ಆ ‘ತಾನನ’ಕ್ಕೆ ಅರ್ಥ ಹುಡುಕಿದವರುಂಟೇ? ಆದರೂ ಅದು ಬಂದರೆ ಪಡಸಾಲೆಯಲ್ಲಿ ಎಲ್ಲರ ಮುಖ ಸಡಿಲವಾಗುತ್ತಿತ್ತು.

ಪ್ರಶಸ್ತಿ ಕೊಡುವವರಿಗೂ ಇದು ತಿಳಿಯಲಿಲ್ಲ. ‘ದಿ ಮಿಷನ್’ಗೆ 1987ರಲ್ಲಿ ಆಸ್ಕರ್ ತಪ್ಪಿತು, ಬಹುಪಾಲು ಹಳೆಯ ಜಾಝ್ ರಚನೆಗಳಿದ್ದ ಚಿತ್ರವೊಂದಕ್ಕೆ ಹೋಯಿತು. ಅದಕ್ಕೆ ಸಂಗೀತ ಕೊಟ್ಟ ಹರ್ಬಿ ಹ್ಯಾನ್‌ಕಾಕ್ ದೊಡ್ಡ ಕಲಾವಿದರೇ, ಅದರಲ್ಲಿ ಮಾತಿಲ್ಲ. ಆದರೂ ಆ ನೋವು ಮೊರಿಕೋನೆಗೆ ಬಹುಕಾಲ ಉಳಿಯಿತು, ನನಗೂ ಉಳಿದಿದೆ. 2007ರಲ್ಲಿ ಗೌರವ ಆಸ್ಕರ್ ಬಂತು, ಸ್ಪರ್ಧೆಯಲ್ಲಿ ಗೆದ್ದದ್ದು 2016ರಲ್ಲಿ, 87ನೆಯ ವಯಸ್ಸಿನಲ್ಲಿ.

ನಮ್ಮಲ್ಲಿ ಕಥೆ ಇನ್ನೂ ಬೇಸರದ್ದು. ‘ಸಂಸ್ಕಾರ’ಕ್ಕೆ ಸಂಗೀತ ಕೊಟ್ಟವರು ಸರೋದ್‌ನ ರಾಜೀವ ತಾರಾನಾಥರು. ಅದನ್ನಷ್ಟೇ ಕೂತು ಕೇಳೋಣವೆಂದು ನಾನು ಅಲೆದ ಅಂಗಡಿಗಳಲ್ಲೆಲ್ಲ ‘ಹಾಡು ಯಾವುದು ಸಾರ್?’ ಎಂದೇ ಕೇಳಿದರು. ಹಾಡಿಲ್ಲದಿದ್ದರೆ ಸಂಗೀತವೇ ಇಲ್ಲ ಎಂಬ ಲೆಕ್ಕ. ಗಾಂಧಿನಗರದಲ್ಲಿ ಹಿನ್ನೆಲೆ ಸಂಗೀತಕ್ಕೆ ‘ರೀರೆಕಾರ್ಡಿಂಗ್’ ಎಂದು ಹೆಸರು. ಬಿಡುಗಡೆಯ ತಾರೀಕು ಕುತ್ತಿಗೆಗೆ ಬಂದಾಗ, ಕೈಯಲ್ಲಿ ಉಳಿದ ದುಡ್ಡಿನಲ್ಲಿ, ಕೆಲವೇ ದಿನಗಳಲ್ಲಿ ಮುಗಿಸಿಬಿಡುವ ಕೆಲಸ. ಹಾಗೆ ಮಾಡಿಸಿದ್ದನ್ನು ಕೇಳಿಯೇ ನೀವು ಹಿನ್ನೆಲೆ ಸಂಗೀತವೆಲ್ಲ ಇಷ್ಟೇ ಎಂದಿರಿ. ನಿಮ್ಮ ಕಿವಿಯ ತಪ್ಪಲ್ಲ ಅದು. ಅಂಥದ್ದನ್ನೇ ಬಡಿಸಿಕೊಂಡು ಬಂದೆವು. ಈಗಲೂ ಮನೆಯಲ್ಲಿ ಸಿನಿಮಾ ನೋಡುವಾಗ ಹೆಸರು ಬರತೊಡಗಿದರೆ ಸಾಕು, ಫೋನು ತಾನಾಗಿ ಮುಂದಿನ ಚಿತ್ರಕ್ಕೆ ಹಾರುತ್ತದೆ. ಬಾಗಿಲು ತೆರೆಯುವವನು ನಮ್ಮ ಜೇಬಿಗೇ ಬಂದು ಕೂತಿದ್ದಾನೆ.

ನನ್ನದೊಂದು ಕೋರಿಕೆ. ಸಂಜೆ ಮಳೆ ಹಿಡಿದಾಗ ವೀಣೆ ಬದಿಗಿಟ್ಟು ‘ದಿ ಮಿಷನ್’ ಆಲ್ಬಮನ್ನು ಮೊದಲಿನಿಂದ ಕೇಳಿ. ಮುಕ್ಕಾಲು ಗಂಟೆಗೆ ಸ್ವಲ್ಪ ಹೆಚ್ಚು, ಇಪ್ಪತ್ತು ರಚನೆಗಳು. ನಡುವೆ ಎದ್ದುಹೋಗಬೇಡಿ. ಆ ಓಬೋ ರಾಗ ಹದಿಮೂರನೆಯದಾಗಿ ಮತ್ತೆ ಬರುತ್ತದೆ. ಮೂರನೆಯದರಲ್ಲಿ ಕೇಳಿದಾಗಿನ ಹಾಗೇ ಇದೆಯೇ, ನಡುವೆ ಕೇಳಿದ್ದೆಲ್ಲ ಅದರೊಳಗೆ ಸೇರಿಕೊಂಡಿದೆಯೇ, ಅದನ್ನೊಂದು ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ನಿಮ್ಮ ಪತ್ರಕ್ಕೆ ಅರ್ಧ ಪುಟ ಕಾದಿರಿಸಿದ್ದೇನೆ.

– ಸಂ.