ಪ್ರತಿಕ್ರಿಯೆ: ಸಿಂಗಪುರ ರೇಸ್‌ಗೆ ಹೋಗೋದು ತಪ್ಪಾ?

ಸಿಂಗಪುರದ ಫಾರ್ಮುಲಾ ಒನ್ ಕಾರ್ ರೇಸ್ ನೋಡೋಕೆ ಹೋಗೋದು ಪರಿಸರಕ್ಕೆ ಕೆಟ್ಟದ್ದು ಅಂತ ಗೆಳೆಯರು ಹೇಳ್ತಾರೆ, ಹೋಗೋದು ತಪ್ಪಾ ಅಂತ ಕೇಳಿದ್ದೀರಿ. ನಿಮ್ಮ ಗೆಳೆಯರು ಕಾರಿನ ಹೊಗೆಯನ್ನಷ್ಟೇ ನೋಡುತ್ತಿದ್ದಾರೆ, ಎಡವಟ್ಟು ಅಲ್ಲೇ. 'ಅಷ್ಟು ಪೆಟ್ರೋಲ್ ಸುಡೋ ಆಟ ನೋಡೋಕೆ ಹೋಗಬೇಕಾ' ಅಂತ ಕೇಳಿದ್ದಾರಲ್ಲ, ಫಾರ್ಮುಲಾ ಒನ್ ತಾನೇ ಕೊಟ್ಟ 2018ರ ಲೆಕ್ಕದಲ್ಲಿ ಇಡೀ ಸೀಸನ್‌ಗೆ ಹೊರಬಿದ್ದ ಕಾರ್ಬನ್ ಡೈಆಕ್ಸೈಡ್ 2,56,551 ಟನ್. ಅದರಲ್ಲಿ ಎಂಜಿನ್‌ಗಳ ಪಾಲು ಬರೀ 0.7%. ಸಾಮಾನು ಸಾಗಣೆಯೇ 45%. ಪ್ರೇಕ್ಷಕರ ಓಡಾಟವನ್ನು ಸೇರಿಸಿಯೇ ಇಲ್ಲ! ನಮ್ಮ ಕೈಲಿರೋದು ಆ ಓಡಾಟವೊಂದೇ ಅಲ್ವಾ, ಅದನ್ನೇ ಹಗುರ ಮಾಡೋಣ.

ಮೊದಲು ಟಿಕೆಟ್. ಬೆಂಗಳೂರಿನಿಂದ ನೇರ ವಿಮಾನ, ಎಕಾನಮಿ ಸೀಟು. ನಡುವೆ ಇಳಿದು ಹತ್ತುವ ಅಗ್ಗದ ಟಿಕೆಟ್‌ಗೆ ಇಂಧನ ಜಾಸ್ತಿ. ಐಕಾವೊ (ವಿಶ್ವಸಂಸ್ಥೆಯ ವಿಮಾನಯಾನ ಸಂಸ್ಥೆ) ಕ್ಯಾಲ್ಕ್ಯುಲೇಟರ್‌ನಲ್ಲಿ ನಿಮ್ಮ ಪಾಲಿನ ಕಾರ್ಬನ್ ನೋಡಬಹುದು, ಆದರೆ ಅದು ಸರಾಸರಿ, ಅಂದಾಜು ಅಂತಲೇ ಇಟ್ಟುಕೊಳ್ಳಿ.

ಆಮೇಲೆ ರೂಮು. ಎಂಆರ್‌ಟಿ (ಅಲ್ಲಿನ ಮೆಟ್ರೋ ರೈಲು) ಸ್ಟೇಷನ್ ಹತ್ತಿರವೇ ಹಿಡಿಯಿರಿ. ನಾನು ಸಿಟಿ ಹಾಲ್ ಸ್ಟೇಷನ್‌ನಲ್ಲಿ ಇಳಿದು ನಡೆದೇ ಗೇಟು ಮುಟ್ಟಿದ್ದೆ. ರೇಸ್ ಮುಗಿದ ಮೇಲೆ ಟ್ಯಾಕ್ಸಿಗೆ ಕಾಯುವವರ ಸಾಲು ನೋಡಿ, ಬೆವರಿನಲ್ಲೂ ನಗು ಬಂತು.

ಇದೊಂದು ರೇಸ್ ಸಾಕು, ಮಿಕ್ಕವು ಟಿವಿಯಲ್ಲಿ. ಸುಮ್ನೆ ಟೈರ್ ವಾಸನೆ ಬೇಕು ಅನಿಸಿದರೆ ಚೆನ್ನೈಗೆ ರೈಲು ಹತ್ತಿ, ಇರುಂಗಾಟುಕೋಟೈ ರೇಸ್ ಟ್ರ್ಯಾಕ್ ಅಲ್ಲೇ ಹತ್ತಿರ.