ಮೂರೂಕಾಲಕ್ಕೆ ಗೇಟಿನ ಹತ್ತಿರ ಯಾರು?

ಇಂಗ್ಲೆಂಡಿಗೆ ಹೊರಟು, ನನ್ನ ಹತ್ತಿರ ಸಲಹೆ ಕೇಳಲು ಬಂದ ಒಂದು ಕುಟುಂಬದ ಕಥೆ ಇದು. ಹೆಸರುಗಳನ್ನೂ ಗುರುತು ಸಿಗುವಂಥ ವಿವರಗಳನ್ನೂ ಬದಲಿಸಿದ್ದೇನೆ. ಬರೆಯಲು ಆ ಮನೆಯವರ ಒಪ್ಪಿಗೆ ಇದೆ.

ರೂಪಾ ದಾವಣಗೆರೆಯಲ್ಲೇ ನರ್ಸಿಂಗ್ ಓದಿ, ಇಲ್ಲೇ ಹನ್ನೊಂದು ವರ್ಷ ವಾರ್ಡಿನಲ್ಲಿ ದುಡಿದವರು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತ್ತು. ಗಂಡ ಮಂಜುನಾಥ್ ಔಷಧಿ ಕಂಪನಿಯ ರೆಪ್. ಮಗನಿಗೆ ಎಂಟು ವರ್ಷ, ಮಗಳಿಗೆ ಎರಡೂಮುಕ್ಕಾಲು. "ಮೇಡಂ, ಅಲ್ಲಿನ ಸ್ಕೂಲಿನ ವಿಷಯ ಸ್ವಲ್ಪ ಹೇಳ್ತೀರಾ" ಅಂತಲೇ ಬಂದರು. ನರ್ಸ್‌ಗಳ ಮನೆಗಳಿಂದ ಇಂಥ ಪ್ರಶ್ನೆ ಜಾಸ್ತಿಯಾದ ಮೇಲೆ ಅಲ್ಲಿನ ನಿಯಮಗಳನ್ನು ನಾನೂ ಓದಿಕೊಂಡಿದ್ದೇನೆ.

ಮಂಜುನಾಥ್ ಅವರ ಮೊದಲ ಪ್ರಶ್ನೆ, "ಡೊನೇಷನ್ ಎಷ್ಟಾಗಬಹುದು?"

ನನಗೆ ನಗು ಬಂತು. ಅವರ ತಪ್ಪೇನೂ ಇಲ್ಲ. ಎಲ್‌ಕೆಜಿ ಸೀಟಿಗೆ ಇಲ್ಲಿ ಎಷ್ಟು ಜನರ ಕಾಲು ಹಿಡಿಯಬೇಕು ಅಂತ ಎಲ್ಲರಿಗೂ ಗೊತ್ತು. ಅಲ್ಲಿ ಸರ್ಕಾರಿ ಶಾಲೆಗೆ ಫೀಸೂ ಇಲ್ಲ, ಡೊನೇಷನ್ನೂ ಇಲ್ಲ. ಆದರೆ ಇಲ್ಲಿಂದಲೇ ಸೀಟು ಹಿಡಿದಿಡಲು ಆಗುವುದಿಲ್ಲ. ಮೊದಲು ಮನೆ, ಆಮೇಲೆ ಶಾಲೆ. ವಿಳಾಸ ಸಿಕ್ಕ ಮೇಲೆ ಆ ಊರಿನ ಕೌನ್ಸಿಲ್‌ಗೆ, ಅಂದರೆ ಅಲ್ಲಿನ ಸ್ಥಳೀಯ ಆಡಳಿತಕ್ಕೆ ಅರ್ಜಿ, ಕೆಲವು ಕಡೆ ನೇರವಾಗಿ ಶಾಲೆಗೇ. ವರ್ಷದ ನಡುವೆ ಹೋದರೆ ಯಾವ ಶಾಲೆಯಲ್ಲಿ ಜಾಗ ಖಾಲಿ ಇದೆಯೋ ಅಲ್ಲಿಗೆ. ಹಾಗಾಗಿ ಬಾಡಿಗೆಗೆ ಮುಂಗಡ ಕೊಡುವ ಮೊದಲು, ಹತ್ತಿರದ ಶಾಲೆಗಳಲ್ಲಿ ಮಗನ ತರಗತಿಗೆ ಜಾಗ ಇದೆಯಾ ಅಂತ ಕೌನ್ಸಿಲ್‌ಗೆ ಕೇಳಿ ಎಂದೆ.

ಶಾಲೆಯ ಮಾತು ಅರ್ಧ ಗಂಟೆಯಲ್ಲಿ ಮುಗಿಯಿತು. ಒಂದು ಬಿಳಿ ಹಾಳೆ ಕೊಟ್ಟು, ರೂಪಾ ಅವರ ಒಂದು ವಾರದ ಡ್ಯೂಟಿ ಬರೆಯಿರಿ ಅಂದೆ. ಬೆಳಿಗ್ಗೆ ಏಳೂವರೆಯಿಂದ ರಾತ್ರಿ ಎಂಟರವರೆಗೆ. ವಾರಕ್ಕೆ ಮೂರು, ಕೆಲವೊಮ್ಮೆ ನಾಲ್ಕು ದಿನ. ನಡುವೆ ನೈಟ್ ಬೇರೆ. ಪಕ್ಕದಲ್ಲಿ ನಾನು ಶಾಲೆಯ ಹೊತ್ತು ಬರೆದೆ: ಹೆಚ್ಚುಕಡಿಮೆ ಎಂಟೂಮುಕ್ಕಾಲರಿಂದ ಮೂರೂಕಾಲು. ತರಗತಿ ಮುಗಿದ ಮೇಲೆ ಮಕ್ಕಳನ್ನು ನೋಡಿಕೊಳ್ಳುವ ಕ್ಲಬ್ಬುಗಳಿರುವ ಶಾಲೆಯಲ್ಲಿ ಸಂಜೆ ಆರರವರೆಗೂ ಇರಿಸಿಕೊಳ್ಳುತ್ತಾರೆ, ಅದಕ್ಕೆ ದುಡ್ಡು. ನರ್ಸರಿಗಳೂ ಸಾಮಾನ್ಯವಾಗಿ ಆರಕ್ಕೆ ಬಾಗಿಲು ಹಾಕುತ್ತವೆ.

"ಮೂರೂಕಾಲಕ್ಕೆ ಗೇಟಿನ ಹತ್ತಿರ ಯಾರು?" ಅಂತ ಕೇಳಿದೆ.

ಇಬ್ಬರೂ ಹಾಳೆ ನೋಡುತ್ತಾ ಕೂತರು. ಆಮೇಲೆ ಮಂಜುನಾಥ್ ಅಂದರು, "ಅದಕ್ಕೇ ಮೇಡಂ, ಚಿಕ್ಕೋಳನ್ನ ಅವ್ವನ ಹತ್ರ ಬಿಟ್ಟು ಹೋಗೋಣ ಅಂತಿರೋದು. ಎರಡು ವರ್ಷ ಅಷ್ಟೇ." ರೂಪಾ ಬ್ಯಾಗಿನ ಜಿಪ್ ತೆಗೆಯುವುದು, ಹಾಕುವುದು ಮಾಡುತ್ತಿದ್ದರು. ಇದನ್ನು ಹೇಳಲೆಂದೇ ಬಂದಿದ್ದರು, ಶಾಲೆಯದ್ದು ನೆಪ.

ನನಗೆ ಈ ಯೋಚನೆ ಇಷ್ಟವಾಗಲಿಲ್ಲ, ಹಾಗಂತ ಹೇಳಿಯೂಬಿಟ್ಟೆ. ಮೂರು ತುಂಬದ ಮಗುವಿಗೆ ಎರಡು ವರ್ಷ ಅಂದರೆ ಅದರ ಬದುಕಿನ ಅರ್ಧಕ್ಕಿಂತ ಜಾಸ್ತಿ. ಅಷ್ಟರಲ್ಲಿ ಅಜ್ಜಿಯೇ ಅಮ್ಮ ಆಗಿರುತ್ತಾಳೆ. ಆಮೇಲೆ ಅಲ್ಲಿಂದ ಕಿತ್ತು ತರಬೇಕು. ಮಗು ಎರಡು ಸಲ ತಾಯಿಯನ್ನು ಬಿಟ್ಟ ಹಾಗೆ.

ಮುಂದಿನ ವಾರ ಅಜ್ಜಿಯನ್ನೂ ಹುಡುಗನನ್ನೂ ಕರೆಸಿದೆ. ಮೊದಲ ದಿನವೇ ಕರೆಸಬೇಕಿತ್ತು, ಅದು ನನ್ನ ಕಡೆಯ ತಪ್ಪು. ಅಜ್ಜಿ ಮಂಡಿ ಸವರಿಕೊಳ್ಳುತ್ತಾ ಅಂದರು, "ಅದು ಓಡ್ತೈತಿ, ನಾ ಕುಂಟ್ತೀನಿ. ಕೇಳಿದ್ರೆ ಬ್ಯಾಡ ಅಂತಿದ್ದೆ. ಯಾರೂ ಕೇಳ್ಲಿಲ್ಲ."

ಹುಡುಗನ ಚಿಂತೆ ಬೇರೆ. ತನ್ನ ಇಂಗ್ಲಿಷ್ ಸಾಲದು ಅಂತ ಅಲ್ಲಿ ಒಂದನೇ ಕ್ಲಾಸಿಗೆ ಹಾಕುತ್ತಾರೆ ಅಂತ ಯಾರೋ ಹೆದರಿಸಿದ್ದರು. ಅಲ್ಲಿ ತರಗತಿ ನಿರ್ಧಾರವಾಗುವುದು ಸಾಮಾನ್ಯವಾಗಿ ವಯಸ್ಸಿನ ಮೇಲೆ, ಆಗಸ್ಟ್ 31ಕ್ಕೆ ಎಷ್ಟು ತುಂಬಿದೆ ಅನ್ನುವುದರ ಮೇಲೆ. 2017ರ ಜೂನ್‌ನಲ್ಲಿ ಹುಟ್ಟಿ ಇಲ್ಲಿ ಮೂರನೇ ಕ್ಲಾಸಿನಲ್ಲಿದ್ದ ಅವನು ಅಲ್ಲಿ 'ಇಯರ್ 4'. "ಅಂದ್ರೆ ನಾನು ಮುಂದಕ್ಕೆ ಹೋಗ್ತೀನಾ?" ಅಂತ ಎರಡು ಸಲ ಕೇಳಿದ. ಒಂದು ತಿಂಗಳಿಂದ ಮನೆಯಲ್ಲಿ ಇಂಗ್ಲಿಷ್ ಮಾತ್ರ ಅಂತ ಅಪ್ಪ ಕಾನೂನು ಮಾಡಿದ್ದರಂತೆ. ಹುಡುಗ ಮಾತೇ ಕಡಿಮೆ ಮಾಡಿದ್ದ. ಆ ಕಾನೂನು ಇವತ್ತೇ ತೆಗೆಯಿರಿ ಅಂದೆ. ಮನೆಯಲ್ಲಿ ಕನ್ನಡವೇ ಇರಲಿ. 'ಅರ್ಥ ಆಗಲಿಲ್ಲ, ಇನ್ನೊಮ್ಮೆ ಹೇಳಿ', 'ಟಾಯ್ಲೆಟ್‌ಗೆ ಹೋಗಬೇಕು', 'ನಾನು ಮಾಂಸ ತಿನ್ನಲ್ಲ', ಈ ಮೂರು ವಾಕ್ಯ ಇಂಗ್ಲಿಷಿನಲ್ಲಿ ಬಾಯಿಗೆ ಬಂದರೆ ಮೊದಲ ವಾರಕ್ಕೆ ಸಾಕು.

ಚಿಕ್ಕವಳ ಲೆಕ್ಕ ಕಷ್ಟದ್ದು. ಇಂಗ್ಲೆಂಡಿನಲ್ಲಿ ಮೂರು ತುಂಬಿದ ಮುಂದಿನ ಟರ್ಮ್‌ನಿಂದ ಎಲ್ಲ ಮಕ್ಕಳಿಗೂ ವಾರಕ್ಕೆ 15 ಗಂಟೆ ನರ್ಸರಿ ಉಚಿತ, ವರ್ಷಕ್ಕೆ 38 ವಾರ. ಇದಕ್ಕೆ ವೀಸಾ ಅಡ್ಡ ಬರುವುದಿಲ್ಲ. ದುಡಿಯುವ ತಂದೆತಾಯಿಗೆ ಅಂತ ಇರುವ 30 ಗಂಟೆಯ ಯೋಜನೆ ಇವರಿಗೆ ಸಿಗದು, ಇಬ್ಬರ ವೀಸಾದಲ್ಲೂ ಸರ್ಕಾರಿ ನೆರವಿಲ್ಲ ಅನ್ನುವ ಷರತ್ತು ಇರುತ್ತದೆ. ಉಳಿದ ಹೊತ್ತಿಗೆ ಕೈಯಿಂದಲೇ ಕೊಡಬೇಕು, ಅದು ಸಣ್ಣ ಮೊತ್ತ ಅಲ್ಲ.

"ಅಲ್ಲಿ ನಮ್ಮೋರೇ ಒಬ್ಬರು ಮನೇಲಿ ನೋಡ್ಕೊಳ್ತಾರಂತೆ, ಕಡಿಮೆ ದುಡ್ಡಿಗೆ" ಅಂದರು ಮಂಜುನಾಥ್. ಅವರು ನೋಂದಣಿ ಮಾಡಿಸಿದ್ದಾರಾ ಕೇಳಿ ಅಂದೆ. 8 ವರ್ಷದೊಳಗಿನ ಮಕ್ಕಳನ್ನು ತಮ್ಮ ಮನೆಯಲ್ಲಿ ದಿನಕ್ಕೆ 2 ಗಂಟೆಗಿಂತ ಜಾಸ್ತಿ ದುಡ್ಡಿಗೆ ನೋಡಿಕೊಳ್ಳುವವರು ಶಾಲೆ, ನರ್ಸರಿಗಳನ್ನು ತಪಾಸಣೆ ಮಾಡುವ ಸರ್ಕಾರಿ ಸಂಸ್ಥೆಯಾದ ಆಫ್‌ಸ್ಟೆಡ್‌ನಲ್ಲೋ, ಇಂಥವರನ್ನು ನೋಂದಾಯಿಸುವ ಚೈಲ್ಡ್‌ಮೈಂಡರ್ ಏಜೆನ್ಸಿಯಲ್ಲೋ ನೋಂದಾಯಿಸಿರಬೇಕು. ಪರಿಚಯ ಬೇರೆ, ಮಗುವಿನ ಜವಾಬ್ದಾರಿ ಬೇರೆ ಅಲ್ವಾ? ಅಜ್ಜಿಯನ್ನು ವಿಸಿಟರ್ ವೀಸಾದಲ್ಲಿ ಕರೆಸಬಹುದು, ಒಂದು ಸಲಕ್ಕೆ ಸಾಮಾನ್ಯವಾಗಿ 6 ತಿಂಗಳವರೆಗೆ. ಬೇಸಿಗೆ ರಜೆ ಆರು ವಾರ, ಆಗ ಬಂದು ಮೊಮ್ಮಕ್ಕಳ ಜೊತೆ ಇದ್ದು ಹೋಗಲಿ. ಮತ್ತೆ ಮತ್ತೆ ಕರೆಸಿ ಅವರನ್ನೇ ಆಯಾ ಮಾಡುವ ಲೆಕ್ಕ ಮಾತ್ರ ಬೇಡ.

ಸುತ್ತಿ ಬಳಸಿ ಹಾಳೆಯ ಖಾಲಿ ಚೌಕಗಳಲ್ಲಿ ಬರೆಯಬಹುದಾದ ಹೆಸರು ಒಂದೇ ಉಳಿಯಿತು. ಮೊದಲ ವರ್ಷ ಮಂಜುನಾಥ್ ಮಕ್ಕಳ ಹೊತ್ತಿಗೆ ಹೊಂದುವ ಅರ್ಧ ದಿನದ ಕೆಲಸ ಹಿಡಿಯಬೇಕು. ಅವರ ಮುಖ ಸಪ್ಪಗಾಯಿತು. "ಹೆಂಡತಿ ದುಡಿಮೆಲಿ ಕೂತ ಅಂತಾರೆ ಮೇಡಂ, ಊರಲ್ಲಿ." ನಾನು ಸಮಾಧಾನಕ್ಕೆ, "ಸ್ವಲ್ಪ ದಿನ ಅವರಿಗೆ ಸಹಾಯ ಮಾಡಿ" ಅಂದೆ. ಅಲ್ಲಿಯವರೆಗೆ ಹೆಚ್ಚು ಮಾತಾಡದ ರೂಪಾ ನನ್ನನ್ನೇ ತಿದ್ದಿದರು. "ಸಹಾಯ ಅಲ್ಲ ಮೇಡಂ. ಮಕ್ಕಳು ಅವರವೂ ಹೌದಲ್ಲಾ."

ಕೊನೆಗೆ ಆದ ತೀರ್ಮಾನ: ರೂಪಾ ಮೊದಲು ಹೋಗಿ ನರ್ಸಿಂಗ್ ಪರೀಕ್ಷೆ ಮುಗಿಸಿ ಮನೆ ನೋಡುವುದು, ನಾಲ್ಕು ತಿಂಗಳಿಗೆ ಅಪ್ಪ ಇಬ್ಬರನ್ನೂ ಕರೆದುಕೊಂಡು ಹೋಗುವುದು. ಹೊರಡುವಾಗ ಮಗಳು ಮಲಗಿದ್ದಾಗ ಕದ್ದು ಹೋಗಬೇಡಿ, ಅತ್ತರೂ ಹೇಳಿಯೇ ಹೋಗಿ ಅಂದೆ. ಡ್ಯೂಟಿ ಮುಗಿಯುವ ರಾತ್ರಿ ಎಂಟಕ್ಕೆ ಇಲ್ಲಿ ನಡುರಾತ್ರಿ ದಾಟಿರುತ್ತದೆ. ಅಂಥ ದಿನಗಳಿಗೆ ಹಿಂದಿನ ದಿನವೇ ಕಥೆ ರೆಕಾರ್ಡ್ ಮಾಡಿ ಕಳಿಸಿ, ವಿಡಿಯೊ ಕಾಲ್ ರಜೆಯ ದಿನ ಇರಲಿ.

ಅವರು ಹೋಗಿ ಕೆಲವು ತಿಂಗಳಾದ ಮೇಲೆ ಮಂಜುನಾಥ್ ಫೋನ್ ಮಾಡಿದ್ದರು. ಶಾಲೆಯ ಗೇಟಿನಿಂದಲೇ, ಮಳೆಯ ಸದ್ದು ಕೇಳುತ್ತಿತ್ತು. ನರ್ಸರಿಗೆ ಹೊಂದಿಕೊಳ್ಳಲು ಮಗಳು ಮೂರು ವಾರ ಅತ್ತಿದ್ದಳಂತೆ, ಈಗ ಪರವಾಗಿಲ್ಲ. ಹುಡುಗನಿಗೆ ಒಬ್ಬ ಗೆಳೆಯ ಸಿಕ್ಕಿದ್ದಾನೆ, ಅವನಿಗೂ ಇಂಗ್ಲಿಷ್ ಬರುವುದಿಲ್ಲವಂತೆ. ಊರಿನವರು ಏನಾದರೂ ಅಂದರಾ ಅಂತ ನಾನು ಕೇಳಲಿಲ್ಲ. ಅವರು ಕೇಳಿದ್ದು ಬೇರೆ. ಅಜ್ಜಿಯ ಪಾಸ್‌ಪೋರ್ಟ್ ಬಂದಿದೆ, ವೀಸಾಕ್ಕೆ ಮಂಡಿ ನೋವು ಅಡ್ಡ ಬರುತ್ತಾ ಅಂತ ಅವ್ವ ನಿಮ್ಮನ್ನೇ ಕೇಳಲು ಹೇಳಿದ್ದಾರೆ, ಅಂದರು.